ಚರಿತ್ರೆಯ ಬೋಧನೆಯೂ ನಮ್ಮ ಹೊಣೆಯೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿರುವರು. ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟಪಾಟಗಳು ಇವನ್ನು ಕುರಿತು ಇತರರು ಬರೆಯುವರು. ನಾವು ಬಹು ವರ್ಷಗಳಿಂದ ಕಲಿಸುತ್ತ ಬಂದಿರುವ ಚರಿತ್ರೆ ಮತ್ತು ಪೌರನೀತಿಗಳ ವಿಷಯವಾಗಿ ನಮ್ಮ ಮನಸ್ಸಿನಲ್ಲಿರುವುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡಲು ಇಚ್ಛಿಸುತ್ತೇವೆ.

“ಹುಡುಗಿಯರಿಗೆ ರಾಜಕೀಯವೇಕೆ? ಪುಸ್ತಕದಲ್ಲಿರುವುದನ್ನು ಓದಿಸಿ ಅಂಕಗಳನ್ನು ತರಿಸಿದರೆ ಸಾಲದೆ?” ಎಂದು ಪೋಷಕರಲ್ಲಿ ಕೆಲವರು ಕೇಳುವುದುಂಟು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಮಕ್ಕಳ ಮನಸ್ಸನ್ನು ಯಾವುದಾದರೊಂದು ಪಕ್ಷದ ಕಡೆಗೆ ತಿರುಗಿಸಲು ಉಪಾಧ್ಯಾಯಿನಿಗೆ ಅಧಿಕಾರವಿಲ್ಲ. ಆದರೆ ಪುಸ್ತಕವೇ ಸ್ಥಿರವಾಗಿಲ್ಲದಿರುವಾಗ ಪುಸ್ತಕವೊಂದೇ ಸಾಕೆನ್ನುವುದು ಹೇಗೆ? ನಮ್ಮ ರಾಜ್ಯದ ಸಮಾಜ ವಿಜ್ಞಾನದ ಪಠ್ಯಪುಸ್ತಕಗಳು 2022ರಲ್ಲಿ ಪರಿಷ್ಕರಿಸಲ್ಪಟ್ಟುವು. 2023ರಲ್ಲಿ ಸರ್ಕಾರವು ಬದಲಾಗಲು, ಶಾಲೆಗಳು ತೆರೆದ ಬಳಿಕ ಮತ್ತೊಮ್ಮೆ ತಿದ್ದಲ್ಪಟ್ಟುವು. ಅಕ್ಕನು ಓದಿದ ಪಾಠವನ್ನೇ ತಂಗಿಯೂ ಓದುವಳೆಂಬ ನಂಬಿಕೆಯಿಲ್ಲ. ಹೀಗಿರಲು, ಎಲ್ಲ ಪಾಠಗಳಿಗಿಂತ ಮೊದಲು ಕಲಿಸತಕ್ಕುದೊಂದುಂಟು. ಅದು “ಇದು ನಮಗೆ ಹೇಗೆ ತಿಳಿಯಿತು?” ಎಂಬ ಪ್ರಶ್ನೆಯು.

ಈ ಪ್ರಶ್ನೆಯನ್ನು ನಾವು ನಮ್ಮ ಊರಿನ ಹೆಸರಿನಿಂದಲೇ ಆರಂಭಿಸುತ್ತೇವೆ. ದಾರಿತಪ್ಪಿ ಬಂದ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತಳೆಂದೂ, ಅದರಿಂದ ಬೆಂದಕಾಳೂರು ಎಂಬ ಹೆಸರಾಯಿತೆಂದೂ ಮಕ್ಕಳೆಲ್ಲರೂ ಬಲ್ಲರು. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ. ಶ. 890ರ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬರುವುದು. ಎಂದರೆ ಹೊಯ್ಸಳ ಬಲ್ಲಾಳರಿಗಿಂತ ಮುಂಚೆಯೇ ಈ ಹೆಸರಿದ್ದಿತು. ಮಕ್ಕಳಿಂದ ಕಥೆಯನ್ನು ನಾವು ಕಿತ್ತುಕೊಳ್ಳುವುದಿಲ್ಲ; ಕಥೆಗೂ ಆಧಾರಕ್ಕೂ ಇರುವ ಭೇದವನ್ನು ಮಾತ್ರ ತೋರಿಸುತ್ತೇವೆ. ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ಬಿ. ಎಲ್. ರೈಸರು ಇದೇ ಬೆಂಗಳೂರಿನಲ್ಲಿ 1837ರಲ್ಲಿ ಮಿಷನರಿಯೊಬ್ಬರ ಮಗನಾಗಿ ಹುಟ್ಟಿದವರೆಂಬುದನ್ನು ಈ ಸಂದರ್ಭದಲ್ಲಿ ನೆನೆಯುವುದು ನಮ್ಮಂತಹ ಶಾಲೆಗೆ ಉಚಿತವಾಗಿದೆ.

ಕಾಳಿನ ಕಥೆಗೆ ಯಾರೂ ಕೋಪಿಸಿಕೊಳ್ಳರು. ಕಷ್ಟವು ಟಿಪ್ಪು ಸುಲ್ತಾನನ ಪಾಠದಲ್ಲಿ ಬರುವುದು. ಆತನ ಮರದ ಅರಮನೆಯು ಚಾಮರಾಜಪೇಟೆಯಿಂದ ನಡೆದುಹೋಗುವಷ್ಟು ಸಮೀಪದಲ್ಲಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. 1784ರಲ್ಲಿ ಆತನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದವರು ಬಹುಮಂದಿ. ಉಳಿದವರಿಗೆ 1799ರಲ್ಲಿ ಆತನು ಯುದ್ಧದಲ್ಲಿ ಬಿದ್ದ ಮೇಲೆಯೇ ಬಿಡುಗಡೆಯಾಯಿತು. ಇದೇ ಅರಸನು, 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯ ಮಠವನ್ನು ಸೂರೆಗೊಂಡಾಗ, ಜಗದ್ಗುರುಗಳಿಗೆ ಗೌರವದ ಪತ್ರಗಳನ್ನು ಬರೆದು, ಪುನಃಪ್ರತಿಷ್ಠೆಗೆ ದ್ರವ್ಯವನ್ನು ಕಳುಹಿಸಿದನು. ಆ ಪತ್ರಗಳು ಕನ್ನಡದಲ್ಲಿವೆ. 1916ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಮೊದಲನೆಯದು ನಮ್ಮ ಸಭೆಯವರ ದುಃಖವಾದುದರಿಂದ ಅದೊಂದನ್ನೇ ಹೇಳಿ ಸುಮ್ಮನಾಗುವ ಆಸೆಯು ನಮಗೆ ಹುಟ್ಟಬಹುದು. ಹುಟ್ಟಿದರೆ ಅದನ್ನು ಅಡಗಿಸಬೇಕು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದೇ ವಾರದಲ್ಲಿ ಇಬ್ಬರು ಪೋಷಕರು ನಮ್ಮ ಕೊಠಡಿಗೆ ಬಂದರು. ಒಬ್ಬರಿಗೆ ಸೆರೆಯ ಮಾತು ಬೇಡ. ಮತ್ತೊಬ್ಬರಿಗೆ ಶೃಂಗೇರಿಯ ಮಾತು ಬೇಡ. ನಾವು ಅಂಜಿದೆವು. ಟಿಪ್ಪಣಿಯನ್ನು ಬರೆಯಿಸಿ ಆ ಪಾಠವನ್ನು ಮುಗಿಸಿಬಿಡುವಂತೆ ಉಪಾಧ್ಯಾಯಿನಿಗೆ ತಿಳಿಸಿದೆವು. ಮರುದಿನ ಹುಡುಗಿಯೊಬ್ಬಳು ಓಣಿಯಲ್ಲಿ ನಮ್ಮನ್ನು ತಡೆದು, “ಹಾಗಾದರೆ ಎರಡರಲ್ಲಿ ಯಾವುದು ಸುಳ್ಳು?” ಎಂದು ಕೇಳಿದಳು. ಎರಡೂ ನಿಜ. ಆದರೆ ನಮ್ಮ ಮೌನವು ಆಕೆಗೆ ಒಂದು ಸುಳ್ಳಿರಬೇಕೆಂದು ಕಲಿಸಿದ್ದಿತು. ಮಾರನೆಯ ವಾರವೇ ಆ ಪಾಠವನ್ನು ಮೊದಲಿನಿಂದ ಮಾಡಿಸಿದೆವು.

ಪೌರನೀತಿಯಲ್ಲಿಯೂ ಹೀಗೆಯೇ. ನಗರವನ್ನು ಜನರು ಆರಿಸಿದ ಸದಸ್ಯರು ಆಳುವರೆಂದು ಪಾಠವು ಹೇಳುವುದು. ಆದರೆ ಬೆಂಗಳೂರಿನ ಪಾಲಿಕೆಯ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯು ನಡೆಯಲಿಲ್ಲ. “ನಮ್ಮ ವಾರ್ಡಿನ ಸದಸ್ಯರು ಯಾರು?” ಎಂದು ಬಸವನಗುಡಿಯ ಹುಡುಗಿಯು ಕೇಳಿದರೆ ಏನೆನ್ನಬೇಕು? ಇಂತಹ ಪಕ್ಷದ ತಪ್ಪೆಂದು ಉಪಾಧ್ಯಾಯಿನಿಯು ಹೇಳಬಾರದು. ಪರೀಕ್ಷೆಗೆ ಬಾರದೆಂದು ಬಾಯಿಮುಚ್ಚಿಸಲೂ ಬಾರದು. ಅವಧಿಯು ಐದು ವರ್ಷಗಳೆಂಬ ನಿಯಮವನ್ನು ಸಂವಿಧಾನದಿಂದ ಓದಿಸಿ, ನಡೆದುದನ್ನು ತಾರೀಖುಗಳೊಡನೆ ತಿಳಿಸಿ, ತೀರ್ಮಾನವನ್ನು ಅವಳಿಗೇ ಬಿಡಬೇಕು.

ನಾವು ಅನುಸರಿಸುತ್ತಿರುವ ನಿಯಮಗಳು ಮೂರೇ. ಆಧಾರವುಳ್ಳ ಸಂಗತಿಯನ್ನು ನಮಗೆ ಹಿತವಾಗದಿದ್ದರೂ ಮುಚ್ಚಿಡಬಾರದು. ಅಭಿಪ್ರಾಯವನ್ನು ಅಭಿಪ್ರಾಯವೆಂದೇ ಹೇಳಬೇಕು. ಉಪಾಧ್ಯಾಯಿನಿಯ ಓಟು ಯಾರಿಗೆಂಬುದು ತರಗತಿಗೆ ತಿಳಿಯಬಾರದು.

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು 1881ರಲ್ಲಿ ಮೊದಲು ಸೇರಿದಾಗ ಅದಕ್ಕೆ 144 ಮಂದಿ ಸದಸ್ಯರಿದ್ದರು. ಅವರಲ್ಲಿ ಸ್ತ್ರೀಯೊಬ್ಬಳೂ ಇರಲಿಲ್ಲ. 1989ರಿಂದ ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬಳಿಗೂ ಓಟಿನ ಹಕ್ಕಿದೆ. ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವ ನಮ್ಮ ಹುಡುಗಿಗೆ ಅದಕ್ಕೆ ಎರಡು ಮೂರು ವರ್ಷಗಳು ಮಾತ್ರ ಉಳಿದಿರುತ್ತವೆ. ಕೈಯೊಳಗಿನ ಫೋನಿನಲ್ಲಿ ದಿನವೂ ನೂರು ಮಾತು ಬಂದು ಬೀಳುವ ಕಾಲದಲ್ಲಿ, ನಿಜವನ್ನು ಸೋಸಿಕೊಳ್ಳುವ ಅಭ್ಯಾಸವಾಗದೆ ಆಕೆಯನ್ನು ಕಳುಹಿಸುವುದು ನಮ್ಮಿಂದಾಗದು.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಪಾಠದ ವಿಷಯದಲ್ಲಿ ಅಸಮಾಧಾನವಾದರೆ ಅವಶ್ಯವಾಗಿ ಬನ್ನಿರಿ. ಆದರೆ ಬಿಟ್ಟುಬಿಡಿ ಎನ್ನುವುದಕ್ಕೆ ಬದಲಾಗಿ, ನೀವು ಹೇಳುವುದಕ್ಕೆ ಇರುವ ಆಧಾರವನ್ನು ತನ್ನಿರಿ. ಅದನ್ನೂ ತರಗತಿಯ ಮುಂದಿಡುವೆವು. ಹಳೆಯ ವಿದ್ಯಾರ್ಥಿನಿಯರೇ, 1898ರ ಪ್ಲೇಗಿನ ತರುವಾಯ ಪೇಟೆಯನ್ನು ಬಿಟ್ಟು ಬಸವನಗುಡಿ ಮಲ್ಲೇಶ್ವರಗಳಿಗೆ ಬಂದು ನೆಲೆಸಿದ ಮನೆತನಗಳು ನಿಮ್ಮಲ್ಲಿ ಉಂಟು. ಪೆಟ್ಟಿಗೆಯಲ್ಲಿರುವ ಹಳೆಯ ಕಾಗದ, ಕ್ರಯಪತ್ರ, ಛಾಯಾಚಿತ್ರಗಳನ್ನು ಒಂದು ದಿನದ ಮಟ್ಟಿಗೆ ನಮ್ಮ ತರಗತಿಗೆ ತಂದು ತೋರಿಸಿರಿ. ನಿಮ್ಮ ಬೆಂಚಿನಲ್ಲಿ ಈಗ ಕುಳಿತಿರುವ ಮಗುವು ಅವನ್ನು ಕೈಯಲ್ಲಿ ಹಿಡಿದು, “ಇದು ನಮಗೆ ಹೇಗೆ ತಿಳಿಯಿತು?” ಎಂದು ನಿಮ್ಮನ್ನು ಕೇಳುವಳು. ಉತ್ತರ ಕೊಡಲು ಸಿದ್ಧರಾಗಿ ಬನ್ನಿರಿ.