ಭ್ರೂಣದ ‘ಗ್ರೇಡ್’ ಗಂಡು-ಹೆಣ್ಣು ಹೇಳುವುದಿಲ್ಲ

ಮುಂಬಯಿ: ನಮ್ಮ ಸಂಘ-ಸಂಸ್ಥೆಗಳ ಅರಸಿನ ಕುಂಕುಮ ಕಾರ್ಯಕ್ರಮಗಳಲ್ಲಿ ವೇದಿಕೆಯ ಭಾಷಣಕ್ಕಿಂತ ಊಟದ ಸಾಲಿನ ಮಾತುಕತೆಯಲ್ಲೇ ಸಮಾಜದ ನಿಜವಾದ ಸುದ್ದಿ ಸಿಗುವುದು. ಅಂಥದೊಂದು ಸಾಲಿನಲ್ಲಿ ಹಿರಿಯ ಮಹಿಳೆಯೊಬ್ಬರು ಮೊಬೈಲ್ ಮುಂದೆ ಹಿಡಿದು, “ಸೊಸೆಯ ರಿಪೋರ್ಟ್ ಮಾರಾಯ್ರೆ. 4ಎಎ ಅಂತ ಬಂದಿದೆ. ಹಾಗಂದರೆ ಗಂಡು ಅಂತೆ, ಹೌದಾ?” ಎಂದು ಕೇಳಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ. ಮೊಮ್ಮಗುವಿಗಾಗಿ ವರ್ಷಗಟ್ಟಲೆ ಕಾದ ಆಸೆಯಷ್ಟೇ ಇತ್ತು. ಆದರೆ ಈ ಪ್ರಶ್ನೆ ಈಗ ಅವರೊಬ್ಬರದಾಗಿ ಉಳಿದಿಲ್ಲ.

1986ರ ಆಗಸ್ಟ್ 6ರಂದು ಇದೇ ನಗರದ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಪ್ರಯತ್ನದಿಂದ ಟೆಸ್ಟ್ ಟ್ಯೂಬ್ ಮಗುವೊಂದು ಹುಟ್ಟಿದಾಗ ಅದು ದೇಶವೇ ಬೆರಗಾದ ಸುದ್ದಿ. ಇಂದು ಐವಿಎಫ್ ಕೇಂದ್ರಗಳ ಫಲಕಗಳು ಉಪನಗರಗಳ ರೈಲು ನಿಲ್ದಾಣಗಳ ಹೊರಗೂ ಕಾಣುತ್ತವೆ. ಲಕ್ಷಗಟ್ಟಲೆ ಖರ್ಚು ಮಾಡಿದವರ ಕೈಗೆ ಬರುವುದು ಅಂಕಿ-ಅಕ್ಷರಗಳ ಒಂದು ಚೀಟಿ. ಅದರ ಅರ್ಥವನ್ನು ಬಿಡಿಸಿ ಹೇಳುವಷ್ಟು ಪುರುಸೊತ್ತು ಎಲ್ಲ ಕಡೆಯೂ ಇರುವುದಿಲ್ಲ. ಆ ಜಾಗವನ್ನು ಗಾಳಿಮಾತು ತುಂಬುತ್ತದೆ.

ಹಾಗಾದರೆ 4ಎಎ ಎಂದರೇನು? ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣ ಐದನೇ ದಿನದ ಹೊತ್ತಿಗೆ ಒಳಗೆ ನೀರು ತುಂಬಿದ ಪುಟ್ಟ ಗುಳ್ಳೆಯಂತಾಗುತ್ತದೆ. ಅದನ್ನು ಬ್ಲಾಸ್ಟೋಸಿಸ್ಟ್ ಎನ್ನುತ್ತಾರೆ. ಮೊದಲಿನ ಅಂಕಿ 1ರಿಂದ 6ರವರೆಗೆ ಇದ್ದು, ಗುಳ್ಳೆ ಎಷ್ಟು ಹಿಗ್ಗಿದೆ ಎಂಬುದನ್ನು ಹೇಳುತ್ತದೆ. ಮೊದಲ ಅಕ್ಷರ ಮುಂದೆ ಮಗುವಾಗುವ ಒಳಗಿನ ಜೀವಕೋಶಗಳ ಗುಂಪಿಗೆ, ಎರಡನೆಯದು ಮುಂದೆ ಮಾಸು ಆಗುವ ಹೊರಪದರಕ್ಕೆ. ಎ ಉತ್ತಮ, ಬಿ ಸಾಧಾರಣ, ಸಿ ಅದಕ್ಕಿಂತ ಕೆಳಗೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಂಡದ್ದಕ್ಕೆ ಕೊಟ್ಟ ಅಂಕ ಇದು, ಅಷ್ಟೇ. ಬಿಬಿ ಬಂದ ಭ್ರೂಣದಿಂದಲೂ ಆರೋಗ್ಯವಂತ ಮಕ್ಕಳು ಹುಟ್ಟುತ್ತಾರೆ, ಎಎ ಬಂದದ್ದು ನಿಲ್ಲದೆ ಹೋಗುವುದೂ ಉಂಟು. ಗಂಡೋ ಹೆಣ್ಣೋ ಎಂಬುದು ಇದರಲ್ಲಿ ಎಲ್ಲೂ ಬರೆದಿರುವುದಿಲ್ಲ.

ಗಾಳಿಮಾತಿಗೂ ಒಂದು ಎಳೆ ಇದೆ ಎನ್ನಬೇಕು. ಪ್ರಯೋಗಾಲಯದಲ್ಲಿ ಗಂಡು ಭ್ರೂಣಗಳು ತುಸು ಬೇಗ ಬೆಳೆಯುತ್ತವೆ, ಬ್ಲಾಸ್ಟೋಸಿಸ್ಟ್ ಹಂತದಲ್ಲಿ ಗರ್ಭಕ್ಕೆ ಸೇರಿಸಿದಾಗ ಹುಟ್ಟುವ ಮಕ್ಕಳಲ್ಲಿ ಗಂಡಿನ ಪಾಲು ಸ್ವಲ್ಪ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಸಾವಿರಾರು ಹೆರಿಗೆಗಳನ್ನು ಕೂಡಿಸಿದಾಗ ಮಾತ್ರ ಕಾಣುವ ವ್ಯತ್ಯಾಸವದು. ಒಬ್ಬಳು ಸೊಸೆಯ ಒಂದು ಭ್ರೂಣದ ಬಗ್ಗೆ ಅದು ಏನನ್ನೂ ಹೇಳದು.

ನಿಜವಾಗಿ ಲಿಂಗ ತಿಳಿಯುವುದು ಭ್ರೂಣದ ಕೆಲವು ಜೀವಕೋಶಗಳನ್ನು ತೆಗೆದು ಮಾಡುವ ವರ್ಣತಂತು ಪರೀಕ್ಷೆಯಲ್ಲಿ. ಹಿಮೋಫಿಲಿಯಾದಂಥ ಲಿಂಗಸಂಬಂಧಿ ಆನುವಂಶಿಕ ಕಾಯಿಲೆ ಇರುವ ಕುಟುಂಬಗಳಿಗೆ ಇದು ವರದಾನ. ಮಿಕ್ಕವರಿಗೆ ಭ್ರೂಣದ ಲಿಂಗ ತಿಳಿಸುವುದಾಗಲಿ, ಗಂಡನ್ನೇ ಆರಿಸಿ ಹಾಕುವುದಾಗಲಿ ಅಪರಾಧ. ಈ ವಿಷಯದಲ್ಲಿ ಮಹಾರಾಷ್ಟ್ರ 1988ರಲ್ಲೇ, ಕೇಂದ್ರಕ್ಕಿಂತ ಮೊದಲು ಕಾನೂನು ಮಾಡಿತು. 1994ರ ಕೇಂದ್ರ ಕಾಯಿದೆಗೆ 2003ರಲ್ಲಿ ತಿದ್ದುಪಡಿಯಾಗಿ ಗರ್ಭಧಾರಣೆಗೆ ಮುಂಚಿನ ಆಯ್ಕೆಯೂ ನಿಷೇಧಕ್ಕೆ ಒಳಪಟ್ಟಿತು. ಅದನ್ನು ಪ್ರಶ್ನಿಸಿ ಇಬ್ಬರು ಹೆಣ್ಣುಮಕ್ಕಳಿದ್ದ ದಂಪತಿ ಬಾಂಬೆ ಹೈಕೋರ್ಟಿಗೆ ಹೋದರು. ಗರ್ಭಪಾತವೇ ಇಲ್ಲದಿರುವಾಗ ಆಯ್ಕೆಯಲ್ಲಿ ತಪ್ಪೇನು ಎಂಬುದು ಅವರ ವಾದ. 2007ರಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಹೆಣ್ಣು ಬೇಡವೆಂದು ಮೊದಲೇ ತೀರ್ಮಾನಿಸುವುದೂ ಹೆಣ್ಣಿನ ಘನತೆಗೆ ಧಕ್ಕೆಯೇ. 2021ರ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಂತೆ ಇಂಥ ಸೇವೆಯ ಜಾಹೀರಾತು ನೀಡುವವರಿಗೆ 5ರಿಂದ 10 ವರ್ಷ ಸೆರೆ ಅಥವಾ 10ರಿಂದ 25 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸ್ಕ್ಯಾನಿಂಗ್ ಕೇಂದ್ರದ ಗೋಡೆಯಲ್ಲಿ ಲಿಂಗ ಪತ್ತೆ ಇಲ್ಲವೆಂಬ ಫಲಕ ಎಲ್ಲರಿಗೂ ಕಾಣುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬಿಟ್ಟುಬಿಟ್ಟ ಭ್ರೂಣ ಯಾರ ಕಣ್ಣಿಗೂ ಬೀಳದು, ಸಾಕ್ಷಿಯೂ ಉಳಿಯದು. ಈ ಲೇಖಕನ ಆತಂಕ ಇರುವುದು ಅಲ್ಲಿ. ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 946 ಹೆಣ್ಣುಮಕ್ಕಳಿದ್ದರು, 2011ರಲ್ಲಿ 894. ಕರ್ನಾಟಕದಲ್ಲಿ 960 ಇದ್ದದ್ದು 948ಕ್ಕೆ ಇಳಿದಿತ್ತು. ಅಳಿಯಕಟ್ಟಿನಲ್ಲಿ ಮಗಳ ಮೂಲಕ ಕುಟುಂಬ ಎಣಿಸುತ್ತಿದ್ದ ತುಳುನಾಡಿನ ಮನೆಗಳಲ್ಲೂ ‘ಒಂದು ಗಂಡಾದರೆ ಸಾಕಿತ್ತು’ ಎಂಬ ಮಾತು ಕೇಳಿಬರುವಾಗ ನಗಬೇಕೋ ಅಳಬೇಕೋ ತಿಳಿಯದು.

ಇನ್ನೊಂದು ಅಂಶ ನಮ್ಮ ಮಹಿಳಾ ವಿಭಾಗಗಳಲ್ಲಿ ಚರ್ಚೆಗೆ ಬರಬೇಕಾದದ್ದು. ಲಿಂಗ ಪತ್ತೆಗೆ ಒಳಗಾದ ಹೆಣ್ಣನ್ನು ಗಂಡ ಅಥವಾ ಸಂಬಂಧಿಕರೇ ಒತ್ತಾಯಿಸಿದ್ದಾರೆ ಎಂದು 1994ರ ಕಾಯಿದೆ ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಅವರದೇ.

ಇಷ್ಟನ್ನು ಆ ಹಿರಿಯರಿಗೆ ಊಟದ ಸಾಲಿನಲ್ಲಿ ಹೇಳಲಾಗಲಿಲ್ಲ. ಗ್ರೇಡ್ ಚೆನ್ನಾಗಿದೆ, ಗಂಡೋ ಹೆಣ್ಣೋ ಅದರಲ್ಲಿ ಬರೆದಿಲ್ಲ ಎಂದಷ್ಟೇ ಹೇಳಿದೆ. ಅವರು ಮೊಬೈಲನ್ನು ಪರ್ಸಿಗೆ ಹಾಕುತ್ತಾ, “ನಿಲ್ಲುತ್ತದಲ್ಲ, ಅದನ್ನು ಹೇಳಿ” ಎಂದರು. ಮುಂದಿನ ವಾರ ಸೊಸೆ ಮತ್ತೆ ಆಸ್ಪತ್ರೆಗೆ ಹೋಗಬೇಕಿತ್ತು.