ಲೇಬಲ್ ಓದಿದ ನಾಲಿಗೆ

ಪ್ರಯೋಗಶಾಲೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರಿಸುವವನು ಬೀಕರು ಒಡೆಯುವ ಹುಡುಗನಲ್ಲ. ಬೀಕರು ಒಡೆದರೆ ಇನ್ನೊಂದು ತರಬಹುದು. ಉತ್ತರ ಎಷ್ಟು ಬರಬೇಕೆಂದು ಪಕ್ಕದವನನ್ನು ಕೇಳಿಕೊಂಡು, ಅದಕ್ಕೆ ಹೊಂದುವಂತೆ ರೀಡಿಂಗ್ ಬರೆಯುವವನಿದ್ದಾನಲ್ಲ, ಅವನು. ಮಸೂರದ ಸಂಗಮದೂರ 20 ಸೆಂ.ಮೀ. ಎಂದು ಗೊತ್ತಾದ ಮೇಲೆ ಅವನ ಸ್ಕೇಲು 20 ಬಿಟ್ಟು ಅತ್ತಿತ್ತ ಅಲುಗುವುದೇ ಇಲ್ಲ. ಅಂಥ ರೆಕಾರ್ಡ್ ಪುಸ್ತಕಗಳ ಮೇಲೆ ಕೆಂಪು ಶಾಯಿಯಲ್ಲಿ ‘ಮತ್ತೆ ಮಾಡು’ ಎಂದು ಬರೆದು ಬರೆದೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಅಂಥದೇ ಒಂದು ಪುಸ್ತಕ ಈಚೆಗೆ ನಮ್ಮ ಮನೆಯಲ್ಲೇ ಸಿಕ್ಕಿತು. ಬರೆದವನು ನಾನೇ. ವಿಷಯ, ವೈನ್.

ಮೇಷ್ಟ್ರ ಮನೆಯಲ್ಲಿ ವೈನೇ ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಶನಿವಾರ ರಾತ್ರಿ ಊಟದ ಜೊತೆ ಒಂದು ಲೋಟ, ಅಷ್ಟೆ. ಇದರ ರುಚಿ ಹತ್ತಿದ್ದು ಮಂಗಳೂರಿನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ, ಒಂದು ಕ್ರಿಸ್‌ಮಸ್ಸಿನ ದಿನ. ಅವರ ತಾಯಿ ಕಪ್ಪು ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿಟ್ಟು ಮಾಡಿದ ವೈನನ್ನು ಕೇಕಿನ ಜೊತೆ ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟಿದ್ದರು. ಕದ್ದು ಮುಚ್ಚಿ ಕುಡಿಯುವುದನ್ನಷ್ಟೇ ನೋಡಿದ್ದ ನನಗೆ, ಅಜ್ಜಿ ಮೊಮ್ಮಕ್ಕಳ ನಡುವೆ ಕೂತು ಇಷ್ಟು ಮರ್ಯಾದೆಯಿಂದಲೂ ಕುಡಿಯಬಹುದು ಎಂದು ತಿಳಿದದ್ದು ಅಂದೇ. ಆಮೇಲೆ ನಾನೂ ಆಗೊಂದು ಈಗೊಂದು ಬಾಟಲಿ ತರತೊಡಗಿದೆ. ಮೇಷ್ಟ್ರ ಬುದ್ಧಿ ನೋಡಿ, ಜೊತೆಗೊಂದು ನೋಟ್‌ಬುಕ್ಕೂ ಬಂತು. ದಿನಾಂಕ, ಹೆಸರು, ಬೆಲೆ, ಬಣ್ಣ, ವಾಸನೆ, ರುಚಿ, ಹತ್ತಕ್ಕೆ ಇಷ್ಟು ಅಂಕ.

ಮೂರು ವರ್ಷ ಹೀಗೆ ನಡೆಯಿತು. ಕಳೆದ ತಿಂಗಳು ಬೆಂಗಳೂರಿನಿಂದ ನನ್ನ ಭಾಮೈದ ಬಂದ. ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಕೆಲಸ. ಕೈಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಬಾಟಲಿ. ನನ್ನ ಕಪಾಟಿನಲ್ಲಿದ್ದದ್ದು ಏಳು ನೂರರದ್ದು. ಎರಡೂ ಶಿರಾಜ್ ಎಂಬ ಒಂದೇ ಜಾತಿಯ ದ್ರಾಕ್ಷಿಯವು.

‘ಭಾವ, ಇದನ್ನ ಕುಡಿದ ಮೇಲೆ ನಿಮ್ಮದನ್ನ ಬಾಯಿಗೆ ಹಾಕೋಕ್ಕಾಗಲ್ಲ’ ಎಂದ. ನಾನೂ ಹೌದೆಂದೆ. ಒಳಗಿನಿಂದ ನನ್ನಾಕೆ, ‘ಕಣ್ಣು ಮುಚ್ಚಿಕೊಂಡು ಹೇಳ್ತೀರೇನ್ರೀ ಇಬ್ಬರೂ?’ ಎಂದಳು.

ಮಕ್ಕಳಿಗೆ ಪಾಠ ಹೇಳುವವನು ಇದಕ್ಕೆ ಒಲ್ಲೆ ಎನ್ನುವುದು ಹೇಗೆ? ಒಂದೊಂದು ಸುತ್ತಿಗೆ ಮೂರು ಲೋಟ. ಎರಡರಲ್ಲಿ ಒಂದೇ ವೈನು, ಮೂರನೆಯದರಲ್ಲಿ ಇನ್ನೊಂದು. ಬೇರೆಯಾಗಿರುವುದು ಯಾವುದೆಂದು ಹೇಳಬೇಕು. ರುಚಿ ಪರೀಕ್ಷಿಸುವ ಪ್ರಯೋಗಶಾಲೆಗಳಲ್ಲಿ ಇದಕ್ಕೆ ತ್ರಿಕೋನ ಪರೀಕ್ಷೆ ಎನ್ನುತ್ತಾರೆ. ಬಣ್ಣ ನೋಡಿ ಹೇಳಬಾರದೆಂದು ನನ್ನಾಕೆ ಗಾಜಿನ ಲೋಟ ಎತ್ತಿಟ್ಟು ಕಾಫಿಯ ಸ್ಟೀಲ್ ಲೋಟಗಳನ್ನು ತಂದಳು, ದೀಪವನ್ನೂ ಸಣ್ಣದು ಮಾಡಿದಳು. ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದು ಲೋಟಕ್ಕೆ 10 ಮಿ.ಲೀ. ನಾಲ್ಕು ಸುತ್ತಿಗೆ ಒಟ್ಟು 120 ಮಿ.ಲೀ., ಅಂದರೆ ನನ್ನ ಶನಿವಾರದ ಪಾಲು.

ಫಲಿತಾಂಶ: ನಾನು ನಾಲ್ಕರಲ್ಲಿ ಒಂದು ಸರಿ. ಭಾಮೈದನೂ ಒಂದು. ವೈನನ್ನು ಮೂಸದೆಯೇ ಚೀಟಿ ಎತ್ತಿ ಹೇಳಿದ್ದರೂ ಸರಾಸರಿ ಇಷ್ಟೇ ಬರುತ್ತಿತ್ತು, ಏಕೆಂದರೆ ಮೂರಕ್ಕೊಂದು ಕಣ್ಣು ಮುಚ್ಚಿ ಹೊಡೆದರೂ ತಗಲುತ್ತದೆ. ಆಮೇಲೆ ಭಾಮೈದ ಸುರಿದು ಕೊಟ್ಟ, ನನ್ನಾಕೆ ಬರೀ ಮೂಸಿ ಹೇಳಿದಳು. ಅವಳು ಕುಡಿಯುವವಳಲ್ಲ. ನಾಲ್ಕರಲ್ಲಿ ಮೂರು ಸರಿ!

ನಾನು ಕಾಗದದ ಮೇಲೆ ಲೆಕ್ಕ ಹಾಕಿ, ‘ಸುಮ್ಮನೆ ಊಹೆಯಿಂದಲೇ ಮೂರೋ ನಾಲ್ಕೋ ಸರಿ ಬರುವ ಸಂಭವ ಒಂಬತ್ತರಲ್ಲಿ ಒಂದಿದೆ. ಅದೃಷ್ಟವೂ ಇರಬಹುದು’ ಎಂದೆ. ‘ಹಾಗಾದ್ರೆ ನಾನು ಗೆದ್ದದ್ದು ಅದೃಷ್ಟ, ನೀವು ಸೋತದ್ದು ಮಾತ್ರ ವಿಜ್ಞಾನವೋ?’ ಎಂದಳು. ಇದಕ್ಕೆ ಉತ್ತರ ನನ್ನ ಬಿಎಸ್ಸಿಯಲ್ಲೂ ಇರಲಿಲ್ಲ, ಬಿಎಡ್ಡಿನಲ್ಲೂ ಇರಲಿಲ್ಲ.

ಅವಳು ಮೂಗಿನಿಂದಲೇ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ವಾಸನೆಯೇ. ಮೂಗು ಬಿಗಿಯಾಗಿ ಹಿಡಿದುಕೊಂಡು ನಾಲ್ಕು ಕಾಳು ಜೀರಿಗೆ ಅಗಿಯಿರಿ. ಹುಲ್ಲು ಅಗಿದಂತಿರುತ್ತದೆ. ಮೂಗು ಬಿಟ್ಟೊಡನೆ ಜೀರಿಗೆ ‘ಬರುತ್ತದೆ’. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಸಾರಿನಲ್ಲಿರುವಂಥ ‘ಉಮಾಮಿ’ ಎಂಬ ಸವಿ ಮಾತ್ರ. ಕೆಂಪು ವೈನಿನ ಒಗರು ರುಚಿಯೇ ಅಲ್ಲ. ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬರುವ ಟ್ಯಾನಿನ್ ಎಂಬ ಪದಾರ್ಥ ಎಂಜಲಿನ ಪ್ರೋಟೀನನ್ನು ಹಿಡಿದು ಗಟ್ಟಿಮಾಡುತ್ತದೆ, ಬಾಯಿ ಒಣಗಿದಂತಾಗುತ್ತದೆ. ಎಳೆ ಬಾಳೆಕಾಯಿ ಕಚ್ಚಿದವರಿಗೆ ಇದು ಗೊತ್ತು.

ಆದರೆ ಮೂಗು ನಾಲಿಗೆಗಳ ಮೇಲೆ ಇನ್ನೊಬ್ಬ ಯಜಮಾನನಿದ್ದಾನೆ. ಫ್ರಾನ್ಸಿನ ಬೋರ್ಡೊದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ವಾಸನೆಯನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟು, ಕುಡಿಯುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಹೆಚ್ಚಿನ ಬೆಲೆ ಕೇಳಿದಾಗ ಹೆಚ್ಚು ಚೆನ್ನಾಗಿದೆ ಎಂದರು. ಅಷ್ಟೇ ಅಲ್ಲ, ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಭಾಗವೂ ಹೆಚ್ಚು ಚುರುಕಾಯಿತು. ಅಂದರೆ ಆ ಜನ ಸುಳ್ಳು ಹೇಳಲಿಲ್ಲ, ಬೆಲೆಯೂ ರುಚಿಯೊಳಗೆ ಸೇರಿಬಿಟ್ಟಿತ್ತು. ಅದೇ ವರ್ಷ ಬಂದ ಮತ್ತೊಂದು ಅಧ್ಯಯನ, ಲೇಬಲ್ ಮುಚ್ಚಿ ಕೊಟ್ಟ ಆರು ಸಾವಿರಕ್ಕೂ ಹೆಚ್ಚು ಅಂಕಗಳನ್ನು ಕೂಡಿಸಿ ನೋಡಿತು. ವೈನಿನಲ್ಲಿ ತರಬೇತಿ ಇಲ್ಲದ ಸಾಮಾನ್ಯರು ದುಬಾರಿ ವೈನನ್ನು ಹೆಚ್ಚು ಮೆಚ್ಚಲಿಲ್ಲ, ತುಸು ಕಡಿಮೆಯೇ ಮೆಚ್ಚಿದರು.

ಪಂಡಿತರೂ ಇದಕ್ಕೆ ಹೊರತಲ್ಲ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ, ಫ್ರಾನ್ಸಿನ ಹೆಸರಾಂತ ವೈನುಗಳ ಜೊತೆ ಅಷ್ಟೇನೂ ಹೆಸರಿಲ್ಲದ ಕ್ಯಾಲಿಫೋರ್ನಿಯಾದ ವೈನುಗಳನ್ನು ಲೇಬಲ್ ಮರೆಮಾಡಿ ಇಟ್ಟ. ಕೆಂಪಿನಲ್ಲೂ ಬಿಳಿಯಲ್ಲೂ ಕ್ಯಾಲಿಫೋರ್ನಿಯಾದವೇ ಮೊದಲ ಸ್ಥಾನಕ್ಕೆ ಬಂದವು. ಅಂಕ ಕೊಟ್ಟವರು ಒಂಬತ್ತು ಮಂದಿ ಫ್ರೆಂಚರೇ!

ಹಾಗೆ ನೋಡಿದರೆ ಲೇಬಲ್ ಮುಚ್ಚಿ ರುಚಿ ನೋಡುವ ಶಾಸ್ತ್ರ ಹೆಸರಾದದ್ದು ವೈನಿನಿಂದಲ್ಲ, ಚಹಾದಿಂದ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯೆಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಕಪ್ಪಿಗೆ ಹಾಲು ಮೊದಲು ಸುರಿದರೋ ಚಹಾ ಮೊದಲು ಸುರಿದರೋ ಎಂಬುದನ್ನು ಕುಡಿದೇ ಹೇಳಬಲ್ಲೆ ಎಂದರಂತೆ. ಅಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ 1935ರ ತಮ್ಮ ಪುಸ್ತಕದಲ್ಲಿ ಈ ಪ್ರಯೋಗವನ್ನೇ ಪಾಠವಾಗಿಸಿದರು. ಎಂಟು ಕಪ್ಪು, ನಾಲ್ಕು ಹಾಗೆ, ನಾಲ್ಕು ಹೀಗೆ. ಎಲ್ಲವನ್ನೂ ಊಹೆಯಿಂದಲೇ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು. ಇದೇ ಫಿಷರರ ಕೈಕೆಳಗೆ ಕೇಂಬ್ರಿಜ್‌ನಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ನಮ್ಮಾಕೆಯ ಸ್ಟೀಲ್ ಲೋಟಗಳಿಗೂ ದೊಡ್ಡ ಮನೆತನವೇ ಇದೆ ಎನ್ನಿ.

ಅಂದು ರಾತ್ರಿ ನೋಟ್‌ಬುಕ್ ತೆಗೆದು ಓದಿದೆ. ಮೂರು ವರ್ಷದ ಅಂಕಗಳು ಬೆಲೆಯ ಜೊತೆಜೊತೆಗೇ ಏರಿದ್ದವು, ಗ್ರಾಫ್ ಹಾಕಿದರೆ ಸರಳರೇಖೆ! ನನ್ನನ್ನು ಚುಚ್ಚಿದ್ದು ಅದಕ್ಕಿಂತ ಇನ್ನೊಂದು. ನಮ್ಮ ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನಿಗೆ ನಾನು ಕೊಟ್ಟಿದ್ದು ಹತ್ತಕ್ಕೆ ಮೂರು. ಪಕ್ಕದಲ್ಲಿ ‘ಶರಬತ್ತು’ ಎಂಬ ಷರಾ. ಈ ತಳಿಯಲ್ಲಿ ಅಮೆರಿಕದ ಲ್ಯಾಬ್ರುಸ್ಕಾ ಎಂಬ ಕಾಡುದ್ರಾಕ್ಷಿಯ ಅಂಶವಿದೆ. ಆ ಬಳಗದ ಹಣ್ಣುಗಳ ಗಾಢ ಘಮಕ್ಕೆ ಮೀಥೈಲ್ ಆಂಥ್ರಾನಿಲೇಟ್ ಎಂಬ ರಾಸಾಯನಿಕ ಮುಖ್ಯ ಕಾರಣ. ವೈನ್ ಪಂಡಿತರು ಈ ಘಮಕ್ಕೆ ‘ನರಿ ವಾಸನೆ’ ಎಂದು ಹೆಸರಿಟ್ಟು ಮೂಗು ಮುರಿಯುತ್ತಾರೆ. ಅದನ್ನು ಓದಿ ನಾನೂ ಮುರಿದಿದ್ದೆ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು. ನನ್ನ ತರಗತಿಯ ಎಷ್ಟೋ ಮಕ್ಕಳ ಶಾಲೆಯ ಖರ್ಚು ಆ ಚಪ್ಪರದ ಕೆಳಗಿನಿಂದಲೇ ಬರುತ್ತದೆ. ವೈನಿಗೆ ಬೆಲೆ ಬಂದರೆ ಹಣ್ಣಿಗೂ ಬೆಲೆ ಬಂದೀತು ಎಂಬ ಆಸೆಯಿಂದ ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ಆ ಮಕ್ಕಳ ತಂದೆಯರ ಬೆಳೆಗೆ ನಾನು ರುಚಿ ನೋಡದೆಯೇ ಅಂಕ ಕೊಟ್ಟಿದ್ದೆ.

ಮರುವಾರ ಮತ್ತೆ ಮಾಡಿದೆ. ಇಬ್ಬರು ಸ್ನೇಹಿತರನ್ನು ಕರೆದು ನಾಲ್ಕು ಬಾಟಲಿ ಹೊಂದಿಸಿದೆವು. ಬೆಂಗಳೂರು ಬ್ಲೂ ಒಂದು, ಸಿಹಿಯಿಲ್ಲದ ಕೆಂಪು ವೈನು ಎರಡು, ಬಿಳಿ ಒಂದು. ಮಾಡಲಿಚ್ಛಿಸುವವರಿಗೆ ಕೆಲವು ಮಾತು.

ಬಾಟಲಿಗಳಿಗೆ ಹಳೆಯ ಪತ್ರಿಕೆ ಸುತ್ತಿ ನಂಬರು ಹಾಕಿ. ಸುತ್ತುವವರು ಬೇರೆ, ರುಚಿ ನೋಡುವವರು ಬೇರೆ ಇರಲಿ. ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಡಿ, ಮೊದಲು ಕುಡಿದದ್ದು ನಂತರದ್ದರ ರುಚಿಯನ್ನು ಕೆಡಿಸುತ್ತದೆ. 30 ಮಿ.ಲೀ. ಸಾಕು, ಉಗುಳಿದರೂ ತಪ್ಪಿಲ್ಲ, ವೃತ್ತಿಯವರೆಲ್ಲ ಉಗುಳುತ್ತಾರೆ. ಕೋಣೆಯಲ್ಲಿ ಊದುಬತ್ತಿ ಬೇಡ, ಒಳಗೆ ಒಗ್ಗರಣೆ ಆಮೇಲೆ ಹಾಕಲಿ. ಲೋಟಕ್ಕೆ ಸೋಪಿನ ವಾಸನೆ ಇರಬಾರದು. ನಡುನಡುವೆ ನೀರು, ಸಪ್ಪೆ ಅನ್ನ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯೂರೋಪಿನ ತಣ್ಣನೆಯ ಕೋಣೆಗಳಲ್ಲಿ, ನಮ್ಮ 30 ಡಿಗ್ರಿಯಲ್ಲಿ ಮದ್ಯಸಾರದ ಘಾಟೇ ಮೂಗಿಗೆ ಹೊಡೆಯುತ್ತದೆ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ, ಬರೆದ ಮೇಲೆ ಮಾತಾಡಿ. ಒಬ್ಬ ‘ಆಹಾ’ ಎಂದರೆ ಉಳಿದವರ ನಾಲಿಗೆಯೂ ‘ಆಹಾ’ ಎನ್ನುತ್ತದೆ. ಉಳಿದದ್ದನ್ನು ಚಿಕ್ಕ ಬಾಟಲಿಗೆ ಕತ್ತಿನವರೆಗೂ ತುಂಬಿ, ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಕೆಡದು.

ಎರಡನೆಯ ಸಲ ಊಟದ ಜೊತೆ ರುಚಿ ನೋಡಿ. ದಿನನಿತ್ಯದ ವೈನಿಗೆ ಅದೇ ನಿಜವಾದ ಪರೀಕ್ಷೆ. ಖಾರದ ಉರಿಯನ್ನು ಹೊತ್ತೊಯ್ಯುವ ನರಗಳನ್ನೇ ಮದ್ಯಸಾರವೂ ಕೆಣಕುತ್ತದೆ. ಅದಕ್ಕೆ ಒಗರೂ ಸೇರಿದರೆ ಬಾಯಿ ಧಗಧಗ. ನಮ್ಮ ಊಟ ಮುದ್ದೆ, ಖಾರವಾದ ಕೋಳಿ ಸಾರು. ಬರೀ ಬಾಯಲ್ಲಿ ನಾನು ಎಂಟು ಅಂಕ ಕೊಟ್ಟಿದ್ದ ಎರಡನೇ ನಂಬರು ಸಾರಿನ ಜೊತೆ ನಾಲ್ಕಕ್ಕೆ ಇಳಿಯಿತು. ತುಸು ಸಿಹಿಯಿದ್ದ ನಾಲ್ಕನೇ ನಂಬರಿಗೆ ಏಳು ಕೊಟ್ಟೆ, ಸ್ನೇಹಿತರೂ ಅದನ್ನೇ ಮೇಲಿಟ್ಟರು. ಪತ್ರಿಕೆ ಬಿಚ್ಚಿದಾಗ, ನಾಲ್ಕನೆಯದು ನಮ್ಮೂರ ಬೆಂಗಳೂರು ಬ್ಲೂ.

ಇದರಿಂದ ಅಗ್ಗದ್ದೆಲ್ಲ ಒಳ್ಳೆಯದೆಂದು ತೀರ್ಮಾನಿಸಬೇಡಿ, ಅದೂ ಬೆಲೆ ನೋಡಿ ಅಂಕ ಕೊಟ್ಟಂತೆಯೇ. ಮೂರು ಜನ, ಒಂದು ಊಟ, ಇಷ್ಟರಿಂದ ನಿಯಮ ಹುಟ್ಟುವುದಿಲ್ಲ. ದುಬಾರಿ ವೈನಿನ ಹಿಂದೆ ನಿಜವಾದ ಶ್ರಮವೂ ಇದ್ದೀತು. ನನಗೆ ಅದು ತಿಳಿಯುವುದಿಲ್ಲವೆಂದರೆ ನಾನೇಕೆ ದುಡ್ಡು ತೆರಬೇಕು ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ಮಾತು ಹೇಳದೆ ಮುಗಿಸುವಂತಿಲ್ಲ. ಶೇಕಡಾ 13 ಮದ್ಯಸಾರವಿರುವ 120 ಮಿ.ಲೀ. ವೈನಿನಲ್ಲಿ ಸುಮಾರು 12 ಗ್ರಾಂ ಮದ್ಯಸಾರ ಇರುತ್ತದೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವೈನ್ ಹೃದಯಕ್ಕೆ ಒಳ್ಳೆಯದು ಎಂದು ನೆಪ ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಕುಡಿಯದವರು ಇದನ್ನೋದಿ ಶುರುಮಾಡಬೇಕಾಗಿಲ್ಲ. ಮನೆಯ ಕಾಫಿಪುಡಿಯಲ್ಲಿ ಚಿಕೋರಿ ಎಷ್ಟಿದ್ದರೆ ಚೆನ್ನ ಎಂಬ ಜಗಳವನ್ನು ಇದೇ ಮೂರು ಲೋಟಗಳಲ್ಲಿ ಬಗೆಹರಿಸಿಕೊಳ್ಳಿ.

ಪ್ರಯೋಗಶಾಲೆಯಲ್ಲಿ ತಪ್ಪಾದ ರೀಡಿಂಗನ್ನು ರಬ್ಬರಿನಿಂದ ಅಳಿಸಬಾರದು, ಓದುವಂತಿರಬೇಕು, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು ಎಂದು ಮಕ್ಕಳಿಗೆ ಹೇಳುತ್ತೇನೆ. ‘ಶರಬತ್ತು’ ಎಂಬುದರ ಮೇಲೆ ಒಂದು ಗೆರೆ ಎಳೆದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ‘ಲೇಬಲ್ ನೋಡಿ ಬರೆದದ್ದು. ಮತ್ತೆ ಮಾಡು’ ಎಂದು ಬರೆದು, ಸಹಿ ಹಾಕಿದೆ.