ಎಂಜಿನ್ನಿಗೂ ಬಿಸಿನೀರು ಬೇಕಾ?

ಡಿಸೆಂಬರ್ ಬೆಳಗ್ಗೆ ನಮ್ಮ ಭಾನುವಳ್ಳಿಯಲ್ಲಿ ಹಂಡೆ ಒಲೆಯ ಹೊಗೆ ಜೊತೆಗೆ ಇನ್ನೊಂದು ಹೊಗೆಯೂ ಏಳುತ್ತೆ. ಕಾರು ಸ್ಟಾರ್ಟ್ ಮಾಡಿ ಮನೆ ಮುಂದೆ ಬಿಟ್ಟು, "ಎಂಜಿನ್ ಬಿಸಿ ಆಗ್ಲಿ ಬಿಡು" ಅಂತ ಯಜಮಾನ್ರು ಒಳಗೆ ಕಾಫಿ ಕುಡೀತಿರ್ತಾರೆ. ಕಟ್ಟೆ ಮೇಲೆ ಕೂತ ಅಜ್ಜ ಆ ಹೊಗೆ ಕುಡೀಬೇಕು!

ಎಂಜಿನ್ ಬಿಸಿ ಇರಬೇಕು ಅನ್ನೋದು ಖಂಡಿತ ಸರಿ. ಬಿಸಿ ಮಾಡೋ ದಾರಿ ಮಾತ್ರ ಸರಿಯಿಲ್ಲ.

ಕೆನಡಾದಲ್ಲಿರೋ ನಮ್ಮ ಕನ್ನಡದವರನ್ನ ಕೇಳಿ ನೋಡಿ. ವಿನ್ನಿಪೆಗ್‌ನಂಥ ಊರಲ್ಲಿ ಚಳಿ ಮೈನಸ್ 30ಕ್ಕೆ ಇಳಿಯುತ್ತೆ. ಅಲ್ಲಿ ರಾತ್ರಿ ಕಾರಿಗೂ ಕರೆಂಟ್ ಪ್ಲಗ್ ಹಾಕ್ತಾರೆ. ಎಂಜಿನ್ನಿಗೆ ಕೂರಿಸಿದ ಹೀಟರ್ ಕೂಲಂಟನ್ನ ಬೆಚ್ಚಗೆ ಮಾಡುತ್ತೆ, ನಮ್ಮ ಬಕೆಟ್ಟಿನ ಕಾಯಿಲ್ ಇದ್ದ ಹಾಗೆ. 400 ವ್ಯಾಟ್ ಹೀಟರ್ ಎರಡೂವರೆ ಗಂಟೆ ಉರಿದರೆ ಖರ್ಚು ಒಂದೇ ಯೂನಿಟ್.

ಹೈಬ್ರಿಡ್ ಕಾರಿಗೆ ಇದರಿಂದ ಇನ್ನೂ ಹೆಚ್ಚು ಲಾಭ. ಆ ಕಾರು ಮೈಲೇಜ್ ಕೊಡೋದೇ ಬೇಡವಾದಾಗ ಎಂಜಿನ್ ಆಫ್ ಮಾಡಿ ಬ್ಯಾಟರಿ ಮೇಲೆ ಓಡೋದ್ರಿಂದ. ಆದರೆ ಕೂಲಂಟ್ ತಣ್ಣಗಿದ್ದರೆ ಕಂಪ್ಯೂಟರ್ ಎಂಜಿನ್ನನ್ನ ನಿಲ್ಲೋಕೆ ಬಿಡಲ್ಲ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಾಯಬೇಕು, ಕಾರೊಳಗಿನ ಹೀಟರಿಗೂ ಬಿಸಿ ಬೇಕು. ಅಷ್ಟರಲ್ಲಿ ಆಫೀಸೇ ಬಂದಿರುತ್ತೆ. ದುಡ್ಡು ಕೊಟ್ಟಿದ್ದು ಹೈಬ್ರಿಡ್‌ಗೆ, ಓಡಿದ್ದು ಬರೀ ಪೆಟ್ರೋಲ್ ಕಾರು!

ಟೊಯೋಟಾದವರು ಇದಕ್ಕೊಂದು ಮಜವಾದ ಉಪಾಯ ಮಾಡಿದ್ರು. 2004ರ ಮಾಡೆಲ್ಲಿನಿಂದ ಅಮೆರಿಕದಲ್ಲಿ ಮಾರಿದ ಎರಡನೇ ತಲೆಮಾರಿನ ಪ್ರಿಯಸ್ ಒಳಗೆ ಒಂದು ಥರ್ಮಾಸ್ ಫ್ಲಾಸ್ಕ್ ಇತ್ತು! ಸುಮಾರು 3 ಲೀಟರ್ ಬಿಸಿ ಕೂಲಂಟ್ ಅದರಲ್ಲಿ ಮೂರು ದಿನದವರೆಗೂ ಬಿಸಿಯಾಗಿರ್ತಿತ್ತು. ಸ್ಟಾರ್ಟ್ ಆಗೋ ಮುಂಚೆ ಸಣ್ಣ ಪಂಪು ಅದನ್ನ ಎಂಜಿನ್ನಿಗೆ ಹರಿಸ್ತಿತ್ತು. ನಂತರದ ತಲೆಮಾರಿನಲ್ಲಿ ಫ್ಲಾಸ್ಕ್ ತೆಗೆದು, ಸೈಲೆನ್ಸರ್ ಕಡೆ ಹೋಗೋ ಬಿಸಿಯಿಂದಲೇ ಕೂಲಂಟ್ ಕಾಯಿಸೋ ಏರ್ಪಾಡು ಮಾಡಿದ್ರು.

ನಮ್ಮ ಬಿಡದಿಯಲ್ಲೇ 2013ರಿಂದ ಕ್ಯಾಮ್ರಿ ಹೈಬ್ರಿಡ್ ತಯಾರಾಯ್ತು, 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದ್ವು. ಹಾಗಾದ್ರೆ ಹರಿಹರ, ದಾವಣಗೆರೆಯಲ್ಲೂ ಹೀಟರ್ ಹಾಕಿಸಬೇಕಾ? ಖಂಡಿತ ಬೇಡ. ನಮ್ಮ ಕಡೆ ಚಳಿ ಅಂದ್ರೆ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಅದು ಎಂಜಿನ್ನಿಗೆ ಚಳಿಯೇ ಅಲ್ಲ.

ನನ್ನ ತಕರಾರು ಬೇರೆ. ಅವರು ದುಡ್ಡು ಕೊಟ್ಟು ಎಂಜಿನ್ ಬಿಸಿ ಮಾಡ್ತಾರೆ, ನಾವು ದುಡ್ಡು ಕೊಟ್ಟು ತಣ್ಣಗೆ ಮಾಡಿಸ್ತೀವಿ! ಬೇಸಿಗೆಯಲ್ಲಿ ಗಾಡಿ ಹೀಟ್ ಆಯ್ತು ಅಂತ ಗ್ಯಾರೇಜಿಗೆ ಹೋದರೆ ಎಷ್ಟೋ ಕಡೆ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕ್ತಾರೆ. ಕೂಲಂಟ್ ಸುಮಾರು 80 ಡಿಗ್ರಿ ಮುಟ್ಟೋವರೆಗೂ ರೇಡಿಯೇಟರ್ ಕಡೆ ಹೋಗದಂತೆ ತಡೆಯೋದು ಅದೇ ವಾಲ್ವ್. ಅದಿಲ್ಲದಿದ್ರೆ ಎಂಜಿನ್ ಬೇಗ ಕಾಯಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ಹೈಬ್ರಿಡ್‌ನಲ್ಲಂತೂ ಎಂಜಿನ್ ಆಫ್ ಆಗೋದೇ ತಡ. ಗಾಡಿ ಹೀಟ್ ಆಗಿದ್ದಕ್ಕೆ ನಿಜವಾದ ಕಾರಣ ಎಷ್ಟೋ ಸಲ ಬೋರ್‌ವೆಲ್ ನೀರು. ಕೂಲಂಟ್ ಬದಲು ಅದನ್ನ ಸುರಿದೂ ಸುರಿದೂ ರೇಡಿಯೇಟರ್ ಒಳಗೆ ನಮ್ಮ ಹಂಡೆಯ ಹಾಗೇ ಬಿಳಿ ಪದರ ಕಟ್ಟಿರುತ್ತೆ.

ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮಾಡಿ ದೇಶಕ್ಕೆಲ್ಲ ಕಳಿಸಿದ ಊರು ಹರಿಹರ. ಮಷೀನಿನ ಒಂದೊಂದು ಭಾಗವೂ ಯಾಕಿದೆ ಅಂತ ತಿಳಿದು ಕೆಲಸ ಮಾಡಿದ ಕೈಗಳು ಇಲ್ಲಿವೆ. ಅಂಥ ಊರಿನ ಸುತ್ತಮುತ್ತ "ಈ ವಾಲ್ವ್ ಬೇಡ ಸಾರ್" ಅನ್ನೋ ಮಾತನ್ನ ಸುಮ್ಮನೆ ಒಪ್ಪಿಕೊಳ್ಳೋದು ಸರಿಯಲ್ಲ.

ಮಾಡಬೇಕಾದ್ದು ಇಷ್ಟೇ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು ಹೊರಡಿ. ಮೊದಲ ಎರಡು ಮೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ನಿಂತು ಕಾಯೋದಕ್ಕಿಂತ ಓಡುತ್ತಾ ಎಂಜಿನ್ ಬೇಗ ಕಾಯುತ್ತೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿಸಿ. ಎಷ್ಟೋ ಹೈಬ್ರಿಡ್‌ಗಳಲ್ಲಿ ಇನ್ವರ್ಟರ್‌ಗೆ ಬೇರೆಯೇ ಕೂಲಂಟ್ ಡಬ್ಬಿ ಇರುತ್ತೆ, ಅದನ್ನೂ ನೋಡಿ. ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಕೆಟ್ಟಿದೆ ಅಂದ್ರೆ ಹೊಸದು ಹಾಕಿ ಅನ್ನಿ, ತೆಗೀರಿ ಅನ್ನಬೇಡಿ.

ಇದರಲ್ಲಿ ಉಳಿಯೋ ಪೆಟ್ರೋಲ್ ನಿಮ್ಮದು, ಉಸಿರು ಕಟ್ಟೆ ಮೇಲಿನ ಅಜ್ಜನದು :-)

ನಿಮ್ಮೂರಲ್ಲಿ ಹೇಗೆ? ಚಳಿ ದೇಶದಲ್ಲಿರೋ ಗೆಳೆಯರು ತಮ್ಮ ಅನುಭವ ಬರೆದರೆ ಇನ್ನೂ ಖುಷಿ.